ಗ್ರಾಂಟ್ ರೋಡ್ ಆಚೆಯ ನುಡಿ

ವಯಸ್ಸಾದ ಮೇಲೆ ಹಾಡಿದರೆ ಮೆದುಳು ಚುರುಕಾಗುತ್ತದೆ ಎಂದು ಕಂಡುಹಿಡಿದ ಮಹಾನುಭಾವ ಒಮ್ಮೆ ನನ್ನ ಕೈಗೆ ಸಿಗಬೇಕು. ಅಂಧೇರಿ ಈಸ್ಟ್‌ನ ನಮ್ಮ ಬಿಲ್ಡಿಂಗ್‌ಗೆ ಆ ಸುದ್ದಿ ವಾಟ್ಸ್ಯಾಪಿನಲ್ಲಿ ಬಂದ ದಿನದಿಂದ ಸುಮ್ಮನೆ ಹಾಡುವವರು ಒಬ್ಬರೂ ಉಳಿದಿಲ್ಲ. ಎರಡನೇ ಮಾಳಿಗೆಯ ಚಂಪಾ ಮೊಣಕಾಲು ನೋವಿಗೆ ಹಾಡುತ್ತಾಳೆ. ಅವಳ ಗಂಡ ಶುಗರ್‌ಗೆ ಹಾಡುತ್ತಾನೆ. ಎದುರಿನ ಫ್ಲ್ಯಾಟಿನ ಅಜ್ಜ ಮಲಬದ್ಧತೆಗೆ ಹಾಡುತ್ತಾನೆ, ಅದೂ ಬಾತ್‌ರೂಮಿನ ಕಿಟಕಿ ತೆರೆದಿಟ್ಟು. ಹಾಡು ಹೇಗಿತ್ತು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಬಿಪಿ ಎಷ್ಟಕ್ಕೆ ಇಳಿಯಿತು ಎಂದು ಕೇಳುತ್ತಾರೆ.

ಉರಿಯುವ ಬೆಂಕಿಗೆ ತುಪ್ಪ ಸುರಿದದ್ದು ನಮ್ಮ ಕಡೆಯ ಕನ್ನಡ ಸಂಘ. ‘ಹಿರಿಯರ ಸಂಗೀತ ಆರೋಗ್ಯ ಶಿಬಿರ’ ಎಂದು ಬ್ಯಾನರ್ ಕಟ್ಟಿದರು. ಬ್ಯಾನರಿನ ತುಂಬ ನಗುವ ಮುದುಕ ಮುದುಕಿಯರು. ಅಂಥ ಹಲ್ಲು ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ. ಕಲಿಸಲು ಬಂದವನು ಕಿಶೋರ ಎಂಬ ಕೋಚ್, ಮೀಸೆ ಚಿಗುರಿ ನಾಲ್ಕು ವರ್ಷವಾಗಿರಬೇಕು. ಅವನು ಸಂಗೀತ ಕಲಿತವನಲ್ಲ, ಸಂಗೀತದ ಪ್ರಯೋಜನ ಕಲಿತವನು. ಅದು ಬೇರೆ ಕೋರ್ಸಂತೆ. ಹಾಡುವ ಮೊದಲು ಬಿಪಿ, ಹಾಡಿದ ಮೇಲೆ ಬಿಪಿ, ಹಾಡುವಾಗ ಬೆರಳಿಗೊಂದು ಕ್ಲಿಪ್ಪು. ಒಂದು ದಿನ ಚಂಪಾ ಮೈಮರೆತು ಬಹಳ ಚೆನ್ನಾಗಿ ಹಾಡಿಬಿಟ್ಟಳು. ನಾಡಿ ಏರಿತು. ಕಿಶೋರ ಗಾಬರಿಯಾಗಿ ಅವಳ ಹಾಡು ನಿಲ್ಲಿಸಿ, ನೀರು ಕುಡಿಸಿ, ಮೂಲೆಯಲ್ಲಿ ಕೂರಿಸಿದ.

ಈ ಶಿಬಿರಕ್ಕೆ ನನ್ನ ಯಜಮಾನರೂ ಹೋಗಬೇಕಾಯಿತು. ಅವರ ಹೆಸರು ಕಾಂತಪ್ಪ, ನಾನು ರುದ್ರವ್ವ, ನಾವು ವಿಜಯಪುರದ ಕಡೆಯವರು. ಇವರು ಗ್ರಾಂಟ್ ರೋಡ್‌ನ ಒಂದು ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಆಯುಷ್ಯವೆಲ್ಲ ದುಡಿದು ಹೋದ ದೀಪಾವಳಿಗೆ ಮನೆಗೆ ಬಂದು ಕುಳಿತರು. ಆದರೆ ಇವರ ಜೀವ ಅಂಗಡಿಯಲ್ಲಿರಲಿಲ್ಲ, ಲೋಕಲ್‌ನಲ್ಲಿತ್ತು. ಅಂಧೇರಿಯಿಂದಲೇ ಹೊರಡುವ ಸ್ಲೋ ಗಾಡಿಯ ಒಂದು ಡಬ್ಬಿಯಲ್ಲಿ ಇವರ ಭಜನಾ ಮಂಡಳಿ. ಹತ್ತಿದ ಕೂಡಲೇ ಕಂಬಿಗೆ ವಿಠ್ಠಲನ ಫೋಟೋ ಕಟ್ಟುವುದು, ಚೀಲದಿಂದ ತಾಳ ತೆಗೆಯುವುದು, ಶುರು. ಮುಂದಾಳು ಉಡುಪಿಯ ಕೊರಗಪ್ಪ, ಗಾಡಿಯ ಕಡೆಯ ಸ್ಟೇಷನ್ ಚರ್ಚ್‌ಗೇಟ್ ಹತ್ತಿರದ ಹೋಟೆಲೊಂದರಲ್ಲಿ ದುಡ್ಡು ಎಣಿಸುತ್ತ ಗಲ್ಲೆಯಲ್ಲಿ ಕೂರುವವನು. ಯಾವ ಸ್ಟೇಷನ್ನಿಗೆ ಯಾವ ಹಾಡು ಎಂಬುದು ಅವರಲ್ಲಿ ಗಟ್ಟಿಯಾಗಿತ್ತು. ವಿಲೆ ಪಾರ್ಲೆ ದಾಟುವುದರೊಳಗೆ ಗಣಪತಿ. ಮಹಾಲಕ್ಷ್ಮಿ ಬಂದಾಗ ಎಲ್ಲರೂ ಕೈಮುಗಿದು ದೇವಿಯ ಹಾಡು. ಅದಾದ ಮೇಲೆ ಕಡೆಯ ಪದ, ಮಂಡಳಿಯ ಹಳಬರು ಯಾವಾಗಲೋ ಲೋಕಲ್ ಗಾಡಿಯ ಮೇಲೆ ಕಟ್ಟಿದ್ದು.

ಕೆಲಸ ಬಿಟ್ಟ ಮೇಲೂ ಇವರು ಪಾಸ್ ತೆಗೆಸುವುದನ್ನು ಬಿಡಲಿಲ್ಲ. ಮನಸ್ಸು ಬಂದ ದಿನ ಅದೇ ಗಾಡಿ ಹತ್ತಿ, ಹಾಡಿ, ಗ್ರಾಂಟ್ ರೋಡ್‌ನಲ್ಲಿ ಇಳಿದು, ಎರಡು ಇಡ್ಲಿ ತಿಂದು ಮರಳುವರು. ಹಾಗೆ ಹೋಗಿ ಬಂದ ದಿನ ನನ್ನ ಅಡುಗೆಗೆ ಹೆಸರಿಡುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಪ್ರಯೋಜನ ಸಂಗೀತದಿಂದ ಇನ್ನೇನು ಬೇಕು?

ನಮ್ಮ ಸೊಸೆ ಮಾಧುರಿಯೂ ಅದೇ ಗಾಡಿಗೆ ಹೋಗುವವಳು, ಚರ್ಚ್‌ಗೇಟಿನ ಆಫೀಸಿಗೆ. ಭಜನೆಯ ಡಬ್ಬಿಗೆ ಹತ್ತಿಕೊಂಡೇ ಇರುವ ಲೇಡೀಸ್ ಡಬ್ಬಿ ಅವಳದು. ನಡುವೆ ಬರೀ ಕಂಬಿಯ ಜಾಳಿಗೆ. “ಅತ್ತಿ, ಮಾವನ ಮಂಡಳಿ ಕಿತ್ನಾ ಚಿಲ್ಲಾತಾ ಹೈ, ತಲಿ ಫಟ್ ಆಗ್ತದ,” ಎಂದು ಮನೆಗೆ ಬಂದು ಹಣೆ ಒತ್ತಿಕೊಳ್ಳುವಳು. ಕಿವಿಗೆ ಇಯರ್‌ಫೋನ್ ತುರುಕಿಕೊಂಡೇ ಗಾಡಿ ಹತ್ತುವಳು. ಅದೇ ಮಾಧುರಿ ಮಾವನ ಹೆಸರನ್ನು ಶಿಬಿರಕ್ಕೆ ಹಚ್ಚಿದಳು. ಪುಕ್ಕಟೆ ಹಾಡಿದರೆ ತಲೆನೋವು, ಫೀ ಕೊಟ್ಟು ಹಾಡಿದರೆ ಔಷಧ. ಹುಡುಗಿ ಕೆಟ್ಟವಳಲ್ಲ, ನಮ್ಮ ಮೇಲೆ ಜೀವ ಇದೆ. ಆ ಜೀವವನ್ನು ಅವಳು ಮೊಬೈಲ್ ಕೇಳಿ ನಡೆಸುತ್ತಾಳೆ, ಅಷ್ಟೇ.

ಎರಡನೇ ವಾರ ಕಿಶೋರ ನೆನಪಿನ ಪರೀಕ್ಷೆ ಇಟ್ಟ. ಒಬ್ಬೊಬ್ಬರೂ ತಮಗೆ ಬರುವ ಒಂದು ಹಾಡನ್ನು ನೋಡದೆ, ಬಿಡದೆ, ಪೂರ್ತಿ ಹಾಡಬೇಕು. ಮಾಧುರಿಯೂ ನನ್ನ ಮಗ ಸಂತುವೂ ನೋಡಲು ಬಂದಿದ್ದರು. ನಮ್ಮವರು ಕುರ್ಚಿಯಲ್ಲಿ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಡೆಯ ಪದವನ್ನೇ ಎತ್ತಿದರು.

ಹತ್ತೋ ಹತ್ತೋ ತಮ್ಮಾ, ಗಾಡಿ ಬಂತು ನೋಡೊ
ಕಾಲಿಡಾಕ ಜಾಗ ಇಲ್ಲ, ದೇವರ ನೆನದು ಕೂಡೊ

ಏನು ದನಿ ಅಂತೀರಿ! ಅಲ್ಲಿಯವರೆಗೆ ಬೆರಳಿನ ಕ್ಲಿಪ್ಪು ನೋಡುತ್ತಿದ್ದವರೆಲ್ಲ ಇವರ ಮುಖ ನೋಡತೊಡಗಿದರು. ನನಗೂ ಹೆಮ್ಮೆ ಬಂತು, ಸೆರಗು ಸರಿಮಾಡಿಕೊಂಡೆ. ಇವರು ಎರಡನೇ ನುಡಿ ಎತ್ತಿದರು.

ಸರಿಯೋ ಸರಿಯೋ ತಮ್ಮಾ, ನಾಕನೇ ಸೀಟು ಮಾಡೊ
ಇದ್ದಷ್ಟು ದಾರಿಯೊಳಗ ಜಗಳ ಬಿಟ್ಟು ಹಾಡೊ

ಎತ್ತಿದವರೇ ಎದ್ದು ನಿಂತರು. ಚೀಲವನ್ನು ಎದೆಗೆ ಅವಚಿಕೊಂಡು, ಹಾಡುತ್ತಲೇ, ಕುರ್ಚಿಗಳ ನಡುವೆ ಅಡ್ಡಡ್ಡ ಸರಿಯುತ್ತ ಬಾಗಿಲಿಗೆ ಹೋದರು. ಬಾಗಿಲ ಚೌಕಟ್ಟನ್ನು ಹಿಡಿದು ನಿಂತು ನುಡಿ ಮುಗಿಸಿದರು. ಮುಗಿಸಿ, ಹೊರಗೆ ಇಳಿದು ಹೋಗಿಯೇಬಿಟ್ಟರು. ಸಂತು ಓಡಿಹೋಗಿ ಹುಡುಕಿದಾಗ ಚಹಾದ ಗಾಡಿಯ ಮುಂದೆ ಪೆಚ್ಚಾಗಿ ನಿಂತಿದ್ದರಂತೆ. ಯಾಕೆ ಎದ್ದು ಬಂದಿರಿ ಎಂದರೆ, “ಗೊತ್ತಿಲ್ಲಪಾ, ಕಾಲು ತಾವ ಬಂದೂವು,” ಎಂದರಂತೆ. ಮೂರನೇ ನುಡಿ ಹೇಳಿ ಎಂದರೆ ಅದೂ ಬರಲಿಲ್ಲ.

ಕಿಶೋರನ ಮುಖ ನೋಡಬೇಕಿತ್ತು. ಲಾಟರಿ ಹೊಡೆದವನ ಮುಖವನ್ನು ಒತ್ತಾಯದಿಂದ ಗಂಭೀರ ಮಾಡಿಕೊಂಡ ಹಾಗಿತ್ತು. “ಆಂಟಿ, ನಾನು ಹೆದರಿಸ್ತಿಲ್ಲ. ಆದ್ರೆ ಹಾಡಿನ ಕಡೇ ಭಾಗ ಮರೆಯೋದು ಒಂದು ಲಕ್ಷಣ. ಕಾರಣ ಇಲ್ಲದೆ ಎದ್ದು ಹೋಗೋದು ಇನ್ನೊಂದು. ಎರಡೂ ಒಟ್ಟಿಗೆ ಅಂದ್ರೆ...” ಎಂದು ಅರ್ಧಕ್ಕೆ ನಿಲ್ಲಿಸಿದ. ಅರ್ಧಕ್ಕೆ ನಿಲ್ಲಿಸಿದ್ದು ಅವನದೂ ಲಕ್ಷಣವೇ ಎಂದು ನನಗೆ ಆಗ ಹೊಳೆಯಲಿಲ್ಲ.

ಅವತ್ತಿನಿಂದ ಮನೆ ಜೈಲಾಯಿತು. ಮಾಧುರಿ ಮಾವನ ರೈಲ್ವೆ ಪಾಸನ್ನು ತನ್ನ ಪರ್ಸಿನಲ್ಲಿಟ್ಟುಕೊಂಡಳು. ಮನೆಯ ಬೀಗದ ಕೈ ಮುಚ್ಚಿಟ್ಟರು. ಇವರ ಮೊಬೈಲಿಗೆ ಎಲ್ಲಿದ್ದಾರೆ ಎಂದು ತೋರಿಸುವ ಆ್ಯಪ್ ಹಾಕಿದರು. ಕೊತ್ತಂಬರಿ ತರಲು ಕೆಳಗಿಳಿದರೂ ಸಂತುವಿನ ಆಫೀಸಿನಿಂದ ಫೋನು. ಬೆಳಿಗ್ಗೆ ಎದ್ದರೆ ಗೋಡೆಯ ಸ್ಪೀಕರಿನಿಂದ ನೆನಪು ಹೆಚ್ಚಿಸುವ ಕೊಳಲು. ಮನೆಯೊಳಗೆ ಹಾಡುವ ಗಂಡಸನ್ನು ಕೂಡಿಹಾಕಿ ಗೋಡೆಗೆ ಹಾಡಲು ಹಚ್ಚಿದರು. ಅದರ ಮೇಲೆ ಮಾಧುರಿ ಹಿರಿಯರ ಡೇ ಕೇರ್ ಒಂದನ್ನು ನೋಡಿ ಬಂದಳು. ಮುಂಜಾನೆ ಬಲೂನಿನ ಚಿತ್ರ ಬರೆದ ಬಸ್ಸು ಬಂದು ಕರೆದೊಯ್ಯುತ್ತದೆ, ದಿನವೆಲ್ಲ ಬಣ್ಣ ತುಂಬಿಸಿ, ಚಪ್ಪಾಳೆ ತಟ್ಟಿಸಿ, ಸಂಜೆ ತಂದು ಬಿಡುತ್ತದೆ.

“ಅತ್ತಿ, ಶಿಬಿರದ ಸಮಾರೋಪದ ದಿನ ಮಾವ ಪೂರಾ ಹಾಡು ಹಾಡಿದ್ರ ಠೀಕ್. ಪಾಸ್ ವಾಪಸ್. ಇಲ್ಲಾಂದ್ರ ಡೇ ಕೇರ್. ಪ್ಲೀಸ್, ಅವರ ಸೇಫ್ಟಿ ಸಲುವಾಗಿ ಹೇಳಾಕತ್ತೀನಿ,” ಎಂದಳು. ಕಣ್ಣಲ್ಲಿ ನೀರಿತ್ತು. ನನಗೆ ಅವಳನ್ನು ಬೈಯಲೂ ಆಗಲಿಲ್ಲ, ಸಂತೈಸಲೂ ಮನಸ್ಸಾಗಲಿಲ್ಲ.

ಆ ರಾತ್ರಿಯ ಊಟದಲ್ಲಿ ಇವರು ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಇಟ್ಟರು. “ರುದ್ರೀ, ನನಗ ಖರೇನ ಮರವು ಹತ್ತೇತೇನ? ನಾಳೆ ನಿನ್ನ ಹೆಸರೂ ಮರೀತೀನೇನ?” ಎಂದರು. ಅಷ್ಟು ವರ್ಷದ ಸಂಸಾರದಲ್ಲಿ ಇವರು ಹೆದರಿದ್ದನ್ನು ನಾನು ನೋಡಿರಲಿಲ್ಲ. “ನನ್ನ ಹೆಸರು ಮರತ್ರ ಲಟ್ಟಣಗಿ ನೆನಪು ಮಾಡಸ್ತೈತಿ, ಉಣ್ರಿ ಸುಮ್ನ,” ಎಂದು ಗದರಿದೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಅತ್ತರೆ ಬಸ್ಸು ನಿಲ್ಲುತ್ತದೆಯೇ? ಮರುದಿನ ನಾನೇ ಮೇಷ್ಟ್ರಾದೆ. ಎದುರಿಗೆ ಕೂರಿಸಿಕೊಂಡು, “ಹೂಂ, ಮೂರನೇ ನುಡಿ ಹೇಳ್ರಿ,” ಎಂದೆ. ಇವರು ಕಣ್ಣು ಮುಚ್ಚಿದರು, ತೆರೆದರು, ಇಲ್ಲ.

“ಹೋಗ್ಲಿ, ಕೊರಗಪ್ಪ ಅದನ್ನ ಹೆಂಗ ಎತ್ತತಿದ್ದ, ಅದರ ನೆನಪು ಮಾಡ್ಕೋರಿ.”

“ಅಂವಾ ಎತ್ತೂದ್ರಾಗ ಗ್ರಾಂಟ್ ರೋಡ್ ಬರತಿತ್ತಲಾ.”

“ಬಂದ್ರ?”

“ಬಂದ್ರ ಏನು, ಇಳೀತಿದ್ದೆ. ಎರಡನೇ ನುಡಿಗೆ ಎದ್ದು ಬಾಗಲಕ ಹೋಗಬೇಕು, ಇಲ್ಲಂದ್ರ ಆ ಗದ್ದಲದಾಗ ಇಳ್ಯಾಕ ಆಗತಿದ್ದಿಲ್ಲ.”

ಹಣೆ ಹಣೆ ಬಡಿದುಕೊಂಡೆ. ಎದ್ದು ನಡೆದದ್ದಕ್ಕೂ ಕಾರಣ ಸಿಕ್ಕಿತು, ನುಡಿ ಬಾರದ್ದಕ್ಕೂ ಸಿಕ್ಕಿತು. ಈ ಮನುಷ್ಯ ಆ ಮೂರನೇ ನುಡಿಯನ್ನು ಜನ್ಮದಲ್ಲಿ ಒಂದು ಸಲವೂ ಕೇಳಿಲ್ಲ! ಕೇಳದೇ ಇದ್ದದ್ದನ್ನು ಮರೆಯುವುದು ಹೇಗೆ? ಅಂಗಡಿಯ ರಜೆ ಬಿಟ್ಟರೆ ದಿನಾ ಹಾಡಿದ ಹಾಡಿನ ಬಾಲ ಚರ್ಚ್‌ಗೇಟಿನ ಕಡೆ ಹೋಗುತ್ತಿತ್ತು, ಇವರು ಪಾತ್ರೆ ಅಂಗಡಿಯ ಕಡೆ ಹೋಗುತ್ತಿದ್ದರು.

ಸಂಜೆ ಇದನ್ನೆಲ್ಲ ಮಗ ಸೊಸೆಗೆ ಬಿಡಿಸಿ ಹೇಳಿದೆ. ಸಂತು ಮಾಧುರಿಯ ಮುಖ ನೋಡಿದ. ಮಾಧುರಿ ಕಿಶೋರನಿಗೆ ಫೋನು ಹಚ್ಚಿದಳು. ಮನೆಯವರು ಇಂಥ ಕಾರಣ ಹುಡುಕುವುದು ಸಹಜ, ಅದಕ್ಕೂ ಒಂದು ಹೆಸರಿದೆ, ಆಂಟಿಯನ್ನೂ ಮುಂದಿನ ಬ್ಯಾಚಿಗೆ ಸೇರಿಸಿ ಎಂದ ಆ ಪುಣ್ಯಾತ್ಮ.

ಕೊರಗಪ್ಪನನ್ನೇ ಕೇಳೋಣವೆಂದು ಫೋನು ಮಾಡಿದೆ. ಗಲ್ಲೆಯ ಮೇಲೆ ಚಿಲ್ಲರೆಯ ಸದ್ದು. “ಮೂರನೇ ನುಡಿಯಾ ಅಕ್ಕ? ಅದೆಂತ ದೊಡ್ಡ ಸಂಗತಿ, ಈಗ ಹೇಳ್ತೇನೆ,” ಎಂದವನು ತಡವರಿಸಿದ. ಮೊದಲಿನಿಂದ ಹಾಡಿಕೊಂಡು ಬಂದ. ಮತ್ತೆ ನಿಂತ. “ಇಲ್ಲ ಮಾರಾಯ್ರೇ, ಹೀಗೆ ಕೂತಲ್ಲಿ ಬರುದಿಲ್ಲ ಅದು. ಗ್ರಾಂಟ್ ರೋಡ್ ದಾಟಿ ಚರ್ನಿ ರೋಡ್ ಬರ್ಬೇಕು, ಆ ತಿರುವಿನಲ್ಲಿ ಗಾಡಿ ಸ್ವಲ್ಪ ವಾಲ್ಬೇಕು, ಆವಾಗ ತನ್ನಷ್ಟಕ್ಕೆ ಬರ್ತದೆ. ನೀವು ಕಾಂತಪ್ಪಣ್ಣನನ್ನು ಕರ್ಕೊಂಡು ಗಾಡಿಗೇ ಬನ್ನಿ.” ಶಿಬಿರದವರ ಕೈಗೆ ಸಿಗದೆ ಉಳಿದದ್ದು ಅವನ ಪುಣ್ಯ.

ಸಮಾರೋಪದ ಹಿಂದಿನ ದಿನ ಮಾಧುರಿಗೆ ಮನೆಯಿಂದಲೇ ಕೆಲಸ. ಹತ್ತಿರದ ಗಣಪತಿ ಗುಡಿಗೆ ಹೋಗಿಬರುತ್ತೇವೆ ಎಂದು ಹೇಳಿ ಇವರ ಕೈಹಿಡಿದು ಹೊರಟೆ. ರಿಕ್ಷಾ ಹಿಡಿದು ಅಂಧೇರಿ ಸ್ಟೇಷನ್, ಟಿಕೆಟ್, ಅದೇ ಗಾಡಿ, ಅದೇ ಡಬ್ಬಿ. ಮಂಡಳಿಯವರು ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಇವರ ಕೈಗೆ ತಾಳ ಬಂದದ್ದೇ ತಡ, ಮುಖ ಅರಳಿತು. ತಾಳದ ಹೊಡೆತಕ್ಕೆ ಭುಜ ನೆಟ್ಟಗಾಯಿತು. ಮನೆಯಲ್ಲಿ ವಾರಗಟ್ಟಲೆ ಸೋಫಾದ ಮೂಲೆಯಲ್ಲಿ ಮುದುಡಿದ್ದ ಮನುಷ್ಯ ಇವರೇನಾ ಎನಿಸಿತು. ಯಾವ ಬಿಪಿ ಯಂತ್ರವೂ ಅದನ್ನು ಅಳೆಯಲಾರದು.

ಮಹಾಲಕ್ಷ್ಮಿ ದಾಟಿತು, ಕಡೆಯ ಪದ ಶುರುವಾಯಿತು. “ನೆನಪಿರ್ಲಿ, ಇವತ್ತು ಅಂಗಡಿ ಇಲ್ಲ. ಏಳಬ್ಯಾಡ್ರಿ,” ಎಂದು ಕಿವಿಯಲ್ಲಿ ಹೇಳಿದೆ. ಹೂಂ ಎಂದರು. ಎರಡನೇ ನುಡಿ ಬಂತು, ಎದ್ದೇಬಿಟ್ಟರು! ನಾನೂ ಎದ್ದು ಅಂಗಿಯ ಚುಂಗು ಹಿಡಿದೆ. ಅಷ್ಟರಲ್ಲಿ ಗ್ರಾಂಟ್ ರೋಡ್. ಇಳಿಯುವವರ ಹಿಂಡು ಹಿಂದಿನಿಂದ ಬಂತು. ಮುಂಬೈ ಲೋಕಲ್‌ನ ಬಾಗಿಲಲ್ಲಿ ನಿಂತವನು ಇಳಿಯುವವನೇ ಎಂದು ಜನ ತೀರ್ಮಾನಿಸಿದರೆ ಮುಗಿಯಿತು, ಅವನನ್ನು ಯಾರೂ ಕೇಳುವುದಿಲ್ಲ. ಇಬ್ಬರೂ ಪ್ಲಾಟ್‌ಫಾರ್ಮಿಗೆ ಬಿದ್ದೆವು. ಗಾಡಿ ಹೊರಟಿತು. ಕೊರಗಪ್ಪ ಕಿಟಕಿಯಿಂದ ತಾಳ ಎತ್ತಿ ಏನೋ ಕೂಗಿದ. ಮೂರನೇ ನುಡಿ ನಮ್ಮ ಕಣ್ಣೆದುರೇ ಚರ್ನಿ ರೋಡಿನ ಕಡೆ ಹೋಯಿತು.

ಅಷ್ಟರಲ್ಲೇ ಮಾಧುರಿಯ ಫೋನು. ಆ್ಯಪ್ ಚಾಡಿ ಹೇಳಿತ್ತು. “ಅತ್ತಿ! ಗಣಪತಿ ಗುಡಿ ಗ್ರಾಂಟ್ ರೋಡ್‌ಗೆ ಶಿಫ್ಟ್ ಆಯ್ತಾ?” ಎಂದು ಅಳುದನಿಯಲ್ಲಿ ಕೇಳಿದಳು. ಇನ್ನೇನು, ಇಡ್ಲಿ ತಿಂದೇ ಹೋಗೋಣ ಎಂದೆ. ಇವರಿಗೆ ಇಡ್ಲಿಯೂ ಸೇರಲಿಲ್ಲ.

ಮರುದಿನ ಸಂಘದ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಪರದೆ ಕಟ್ಟಿ ಎಲ್ಲರ ಬಿಪಿಯನ್ನು ಶಿಬಿರಕ್ಕೆ ಮೊದಲು, ಶಿಬಿರದ ನಂತರ ಎಂದು ಬಣ್ಣಬಣ್ಣದ ಕಂಬಗಳಲ್ಲಿ ತೋರಿಸಿದರು. ಪ್ರತಿ ಕಂಬಕ್ಕೂ ಚಪ್ಪಾಳೆ. ಎದುರಿನ ಫ್ಲ್ಯಾಟಿನ ಅಜ್ಜನ ಕಂಬ ಯಾವುದನ್ನು ತೋರಿಸುತ್ತದೆ ಎಂದು ನಾನು ಕೇಳಲಿಲ್ಲ. ಇವರ ಸರದಿ ಬಂತು. ಮೊದಲ ಸಾಲಿನಲ್ಲಿ ಮಾಧುರಿ, ಸಂತು. ನಾನು ಮಾತ್ರ ಕೂರಲಿಲ್ಲ. ವೇದಿಕೆಯ ಪಕ್ಕದ ಬಾಗಿಲಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತೆ.

ಮೊದಲ ನುಡಿ ಆಯಿತು. ಎರಡನೇ ನುಡಿಗೆ ಇವರು ಎದ್ದರು. ಕಿಶೋರ ಮಾಧುರಿಯ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದ. ಇವರು ಹಾಡುತ್ತ ಹಾಡುತ್ತ ನಾನು ನಿಂತ ಬಾಗಿಲಿಗೇ ಬಂದರು. ಅಡ್ಡ ನಿಂತು, “ಎಲ್ಲಿಗೆ? ಇದು ಗ್ರಾಂಟ್ ರೋಡ್ ಅಲ್ಲ. ತಿರುಗ್ರಿ ಹಿಂದ,” ಎಂದೆ. ಎಲ್ಲರಿಗೂ ಕೇಳಿತಂತೆ, ಕೇಳಲಿ. ಇವರು ತಿರುಗಿದರು. ಮೈಕಿನ ಮುಂದೆ ನಿಂತರು. ಎರಡನೇ ನುಡಿ ಮುಗಿಯಿತು.

ಮುಂದೆ? ಮುಂದೆ ಏನೂ ಇಲ್ಲ. ಇವರು ಬಾಯಿ ತೆರೆದರು, ಮುಚ್ಚಿದರು. ಬೆರಳಿನ ಕ್ಲಿಪ್ಪನ್ನು ನೋಡಿಕೊಂಡರು. ನನ್ನ ಕಣ್ಣ ಮುಂದೆ ಬಲೂನಿನ ಬಸ್ಸು ಬಂದು ನಿಂತಿತು. ದೇವರೇ, ಈ ಮನುಷ್ಯನ ಮಾನ ಕಾಯಪ್ಪಾ ಎಂದು ಮನಸ್ಸಿನಲ್ಲಿ ಕೈಮುಗಿದೆ.

ಆಗ ಮೊದಲ ಸಾಲಿನಿಂದ ಒಂದು ಹೆಣ್ಣುದನಿ ಎದ್ದಿತು. ಎರಡನೇ ನುಡಿ ಮುಗಿದ ರಾಗಕ್ಕೇ ಗಂಟು ಹಾಕಿಕೊಂಡು, ತಡೆಯಿಲ್ಲದೆ, ತನಗೇ ಗೊತ್ತಿಲ್ಲದೆ.

ಇಳಿಯೋ ಇಳಿಯೋ ತಮ್ಮಾ, ಕಡೀ ಠೇಶನ್ ಬಂತೊ
ಮುಂದ ನಿಂತ ಮುದುಕನ್ನ ದೂಡಬ್ಯಾಡೊ, ತಾನ ಇಳಿತಾನಂತೊ

ಹಾಡಿದವಳು ಮಾಧುರಿ! ಕೈಯಲ್ಲಿ ಪರ್ಸಿನ ಜಿಪ್ಪು ಎಳೆಯುತ್ತ, ಎತ್ತಲೋ ನೋಡುತ್ತ, ಇಳಿಯಲು ತಯಾರಾಗುವವಳ ಹಾಗೆ. ಹಾಡಿ ಮುಗಿದ ಮೇಲೆ ಸಭೆಯೆಲ್ಲ ತನ್ನನ್ನೇ ನೋಡುತ್ತಿದೆ ಎಂದು ಅವಳಿಗೆ ತಿಳಿಯಿತು. ಆಮೇಲೆ ತಾನು ಏನು ಹಾಡಿದೆ ಎಂಬುದೂ ತಿಳಿದಿರಬೇಕು, ಮುಖ ಕೆಂಪಾಯಿತು.

ನಾನು ಬಾಗಿಲಿನಿಂದಲೇ ಕೇಳಿದೆ, “ಎಲ್ಲಿ ಕಲಿತೆವ್ವಾ ಇದನ್ನ?”

“ಕಲಿತಿಲ್ಲ ಅತ್ತಿ... ಟ್ರೇನ್‌ನಾಗ... ಗ್ರಾಂಟ್ ರೋಡ್ ಬಂದ್ರ ನಾ ಇಯರ್‌ಫೋನ್ ತೆಗದು ಪರ್ಸಿನಾಗ ಇಡ್ತೀನಿ. ಆಮ್ಯಾಲ ರೋಜ್ ಇದೇ ಕೇಳ್ತದ, ಚರ್ಚ್‌ಗೇಟ್ ತನಕ.”

“ಮತ್ತ ಮೊದಲಿನ ಎರಡು ನುಡಿ ಹೇಳು ನೋಡೂಣು?”

“ಅವು ಬರಂಗಿಲ್ಲ ನನಗ.”

“ಅವರಿಗೆ ಕಡೀದು ಬರಂಗಿಲ್ಲ, ನಿನಗ ಮೊದಲಿನವು ಬರಂಗಿಲ್ಲ. ಬಲೂನಿನ ಬಸ್ಸಿನಾಗ ಇಬ್ಬರಿಗೂ ಸೀಟು ಹಿಡಿಯೂಣೇನ?”

ಮೊದಲು ನಕ್ಕವಳು ಚಂಪಾ. ಆಮೇಲೆ ಇಡೀ ಸಭೆ. ಮಾಧುರಿ ನಗಲಿಲ್ಲ. ಎದ್ದು ವೇದಿಕೆ ಹತ್ತಿ ಬಂದಳು, ಮಾವನ ಬೆರಳಿನ ಕ್ಲಿಪ್ಪನ್ನು ತೆಗೆದಳು, ಪರ್ಸಿನಿಂದ ಪಾಸ್ ತೆಗೆದು ಅವರ ಅಂಗಿಯ ಕಿಸೆಗೆ ಇಟ್ಟಳು. “ಸಾರಿ ಮಾವಾ,” ಎಂದಳು. ಇವರು ಅವಳ ತಲೆಯ ಮೇಲೆ ಕೈಯಿಟ್ಟು, “ಇನ್ನೊಮ್ಮೆ ಹಾಡವಾ, ನಾ ಖರೇನ ಅದನ್ನ ಕೇಳೇ ಇಲ್ಲ,” ಎಂದರು. ಅವಳು ಹಾಡಿದಳು, ಇವರು ಹಿಂದಿನಿಂದ ಹೇಳಿಕೊಂಡರು. ನಾನು ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಂಡೆ. ಸಂತೋಷಕ್ಕೆ ಅತ್ತೆ, ಅದರಲ್ಲಿ ಮುಚ್ಚುಮರೆ ಏನು?

ಕಿಶೋರ ಬಿಟ್ಟಾನೆಯೇ? ಮೈಕ್ ಕಸಿದು, ನೋಡಿ, ಶಿಬಿರದ ಫಲ, ಕುಟುಂಬದ ಕಿರಿಯರಿಗೂ ನೆನಪು ಹೆಚ್ಚಿದೆ ಎಂದು ಘೋಷಿಸಿದ. ಈಗ ಬ್ಯಾನರಿನಲ್ಲಿ ಆ ಹಲ್ಲಿನ ಮುದುಕರ ಪಕ್ಕ ನಮ್ಮ ಮಾವ ಸೊಸೆಯ ಫೋಟೋ ಇದೆ.

ಪಾಸನ್ನು ಚರ್ಚ್‌ಗೇಟ್ ತನಕ ಮಾಡಿಸಿಕೊಳ್ಳಿ, ಪೂರ್ತಿ ಹಾಡು ಕೇಳಿ ಬರಬಹುದಲ್ಲ ಎಂದು ಇವರಿಗೆ ಹೇಳಿದೆ. ಬೇಡ ಎಂದರು. ಇವರು ಈಗಲೂ ಎರಡನೇ ನುಡಿಗೆ ಏಳುತ್ತಾರೆ, ಗ್ರಾಂಟ್ ರೋಡ್‌ನಲ್ಲಿ ಇಳಿಯುತ್ತಾರೆ. ಇಳಿದು, ಗಾಡಿ ಹೊರಡುವ ತನಕ ಲೇಡೀಸ್ ಡಬ್ಬಿಯ ಎದುರು ನಿಲ್ಲುತ್ತಾರೆ. ಮಾಧುರಿ ಕಿಟಕಿಯಲ್ಲಿ ಇಯರ್‌ಫೋನ್ ತೆಗೆದು ಪರ್ಸಿಗೆ ಹಾಕುವುದನ್ನು ನೋಡಿದ ಮೇಲೆಯೇ ಇಡ್ಲಿ ತಿನ್ನಲು ಹೋಗುತ್ತಾರೆ.